ಸಂಕ್ರಾಂತಿಗೂ ಉತ್ತರಾಯಣಕ್ಕೂ ನಡುವೆ ಇಪ್ಪತ್ತನಾಲ್ಕು ದಿನ ಎಲ್ಲಿಂದ ಬಂತು?

2026ರ ಜನವರಿಯಲ್ಲಿ ಮೈಸೂರು, ಮಂಡ್ಯ ಕಡೆಯ ಬಹಳಷ್ಟು ಮನೆಗಳಲ್ಲಿ ಒಂದೇ ಪ್ರಶ್ನೆ: ಹಬ್ಬ 14ಕ್ಕೋ, 15ಕ್ಕೋ? ಎಳ್ಳು-ಬೆಲ್ಲ ಬೀರುವವರಿಗೂ ಉತ್ತರ ಬೇಕಿತ್ತು, ಸಂಜೆ ದನಗಳಿಗೆ ಕಿಚ್ಚು ಹಾಯಿಸಲು ಹುಲ್ಲು ಒಟ್ಟಿಟ್ಟುಕೊಂಡವರಿಗೂ ಬೇಕಿತ್ತು. ಇದರ ಬೆನ್ನಿಗೇ ಮಕ್ಕಳು ಇನ್ನೊಂದು ಪ್ರಶ್ನೆ ತರುತ್ತಾರೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿದರೆ ಉತ್ತರಾಯಣ ಪುಣ್ಯಕಾಲ ಜನವರಿ ಮಧ್ಯದಲ್ಲಿದೆ. ಇದರಲ್ಲಿ ಯಾವುದು ಸರಿ?

ಎರಡೂ ಲೆಕ್ಕಗಳು ಸರಿಯಾಗಿಯೇ ಇವೆ. ಆದರೆ ಅವು ಅಳೆಯುತ್ತಿರುವುದು ಎರಡು ಬೇರೆ ಬೇರೆ ಸಂಗತಿಗಳನ್ನು. ಒಂದು ಕಾಲಕ್ಕೆ ಈ ಎರಡೂ ಸಂಗತಿಗಳು ಒಂದೇ ದಿನ ನಡೆಯುತ್ತಿದ್ದವು. ಈಗ ಅವುಗಳ ನಡುವೆ ಸುಮಾರು 24 ದಿನಗಳ ಅಂತರ ಬಿದ್ದಿದೆ. ಈ ಅಂತರ ಹೇಗೆ ಹುಟ್ಟಿತು, ಯಾರು ಕಂಡುಹಿಡಿದರು ಎಂದು ಹಿಂದಕ್ಕೆ ಹೋದರೆ ಖಗೋಳ ವಿಜ್ಞಾನದ ಅರ್ಧ ಇತಿಹಾಸವೇ ಸಿಗುತ್ತದೆ. ಆ ಇತಿಹಾಸದಲ್ಲಿ ದೊಡ್ಡ ತಿರುವುಗಳೆಲ್ಲ ಒಂದೇ ಬಗೆಯಲ್ಲಿ ಬಂದಿವೆ ಎಂಬುದು ನನ್ನನ್ನು ತುಂಬ ಹಿಡಿದಿಟ್ಟ ವಿಷಯ. ಲೆಕ್ಕಕ್ಕೂ ಕಣ್ಣಿಗೆ ಕಂಡದ್ದಕ್ಕೂ ನಡುವೆ ಒಂದು ಸಣ್ಣ ವ್ಯತ್ಯಾಸ ಬರುತ್ತದೆ. ಯಾರೋ ಒಬ್ಬರು ಅದನ್ನು "ಇರಲಿ ಬಿಡಿ" ಎನ್ನದೆ ಹಿಡಿದು ಕೂರುತ್ತಾರೆ. ಅಲ್ಲಿಂದ ಮನುಷ್ಯನ ಯೋಚನೆಯೇ ಬದಲಾಗುತ್ತದೆ.

ಸೂರ್ಯ ತಿರುಗುವುದು ಎಂದರೇನು

ಮೈಸೂರಿನ ಕುವೆಂಪುನಗರದ ಕಡೆ ಯಾವುದಾದರೂ ಮನೆಯ ತಾರಸಿಯ ಮೇಲೆ ಬೆಳಿಗ್ಗೆ ನಿಂತು ನೋಡಿ. ಚಳಿಗಾಲದಲ್ಲಿ ಸೂರ್ಯ ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ಮೇಲೇರುತ್ತಾನೆ. ಮಾರ್ಚ್ 20ರ ಸುಮಾರಿಗೆ ನೇರ ಮೂಡಣದಲ್ಲಿ ಹುಟ್ಟುತ್ತಾನೆ. ಜೂನ್ ಹೊತ್ತಿಗೆ ಬೆಟ್ಟದಿಂದ ಎಷ್ಟೋ ಎಡಕ್ಕೆ, ಈಶಾನ್ಯದ ಕಡೆಗೆ ಸರಿದಿರುತ್ತಾನೆ. ಜೂನ್ 21ರ ಹೊತ್ತಿಗೆ ಆ ಸರಿಯುವಿಕೆ ನಿಂತು, ಮತ್ತೆ ದಕ್ಷಿಣಕ್ಕೆ ಹೊರಳುತ್ತಾನೆ. ಡಿಸೆಂಬರ್ 21–22ಕ್ಕೆ ದಕ್ಷಿಣದ ತುದಿ ಮುಟ್ಟಿ ಉತ್ತರಕ್ಕೆ ತಿರುಗುತ್ತಾನೆ.

ಭೂಮಿ ತನ್ನ ಅಚ್ಚಿನ ಮೇಲೆ ಸುಮಾರು 23.4 ಡಿಗ್ರಿ ಓರೆಯಾಗಿದ್ದುಕೊಂಡೇ ಸೂರ್ಯನ ಸುತ್ತ ಹೋಗುತ್ತದೆ. ಆದ್ದರಿಂದ ವರ್ಷದ ಒಂದು ಭಾಗದಲ್ಲಿ ಉತ್ತರ ಗೋಳಾರ್ಧ ಸೂರ್ಯನ ಕಡೆ ವಾಲಿರುತ್ತದೆ, ಇನ್ನೊಂದು ಭಾಗದಲ್ಲಿ ದಕ್ಷಿಣ ಗೋಳಾರ್ಧ. ಮಳೆ, ಚಳಿ, ಬೇಸಿಗೆ, ಹಗಲಿನ ಉದ್ದ ಎಲ್ಲವೂ ಈ ಓರೆಯಿಂದಲೇ. ಉತ್ತರಾಯಣ, ದಕ್ಷಿಣಾಯನ ಎಂಬವು ಮೂಲದಲ್ಲಿ ಈ ತಿರುಗುವಿಕೆಯ ಹೆಸರುಗಳು. ನಕ್ಷತ್ರಗಳಿಗೂ ಇದಕ್ಕೂ ಸಂಬಂಧವಿಲ್ಲ. ನೆರಳು ಅಳೆದರೆ ಸಾಕು, ಗೊತ್ತಾಗುತ್ತದೆ.

ಮಕರ ಸಂಕ್ರಾಂತಿಯ ಲೆಕ್ಕ ಬೇರೆ. ಸೂರ್ಯ ವರ್ಷವಿಡೀ ನಕ್ಷತ್ರಗಳ ಹಿನ್ನೆಲೆಯಲ್ಲಿ ದಿನಕ್ಕೆ ಹೆಚ್ಚೂಕಡಿಮೆ ಒಂದು ಡಿಗ್ರಿಯಂತೆ ಸರಿಯುತ್ತಾನೆ. ಆ ದಾರಿಯನ್ನು 30 ಡಿಗ್ರಿಯ ಹನ್ನೆರಡು ರಾಶಿಗಳಾಗಿ ಹಂಚಿದ್ದಾರೆ. ಧನು ರಾಶಿ ಮುಗಿದು ಮಕರ ರಾಶಿ ಶುರುವಾಗುವ ಗೆರೆಯನ್ನು ಸೂರ್ಯ ದಾಟುವ ಕ್ಷಣವೇ ಮಕರ ಸಂಕ್ರಮಣ. ಇಲ್ಲಿ ಗುರುತು ನಕ್ಷತ್ರದ್ದು.

ಒಂದರ ಗುರುತು ಭೂಮಿಯ ಓರೆ, ಇನ್ನೊಂದರ ಗುರುತು ನಕ್ಷತ್ರ. ಮೊದಲ ಬಗೆಯ ವರ್ಷಕ್ಕೆ ಸಾಯನ ವರ್ಷ ಎನ್ನುತ್ತಾರೆ. ಅದರ ಅವಧಿ 365 ದಿನ 5 ಗಂಟೆ 49 ನಿಮಿಷ. ಎರಡನೆಯದು ನಿರಯನ ವರ್ಷ, 365 ದಿನ 6 ಗಂಟೆ 9 ನಿಮಿಷ. ವ್ಯತ್ಯಾಸ ಇಪ್ಪತ್ತು ನಿಮಿಷ ಮಾತ್ರ. ಒಬ್ಬ ಮನುಷ್ಯನ ಆಯಸ್ಸಿನಲ್ಲಿ ಒಂದು ದಿನದಷ್ಟು ಕೂಡುವಷ್ಟು. ಸಾವಿರಾರು ವರ್ಷ ಸೇರಿದರೆ ವಾರಗಳೇ ಆಗುತ್ತವೆ.

14ಕ್ಕೋ, 15ಕ್ಕೋ?

ಪಂಚಾಂಗದಲ್ಲಿ ಸಂಕ್ರಮಣದ ಎದುರು ಗಂಟೆ-ನಿಮಿಷ ಅಥವಾ ಘಟಿ-ವಿಘಟಿಗಳ ಲೆಕ್ಕ ಬರೆದಿರುತ್ತದೆ (ಒಂದು ಘಟಿ ಎಂದರೆ 24 ನಿಮಿಷ). ಕಳೆದ ಕೆಲವು ವರ್ಷಗಳದ್ದನ್ನು ಸಾಲಾಗಿ ಇಟ್ಟು ನೋಡಿದರೆ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ. ದೃಗ್ಗಣಿತದ (ಆಕಾಶದಲ್ಲಿ ಕಂಡದ್ದಕ್ಕೆ ಹೊಂದುವಂತೆ ತಿದ್ದಿದ ಲೆಕ್ಕ) ಪ್ರಕಾರ 2024ರಲ್ಲಿ ಸೂರ್ಯ ಮಕರಕ್ಕೆ ಹೋದದ್ದು ಜನವರಿ 15ರ ನಸುಕಿನಲ್ಲಿ, ಮೂರು ಗಂಟೆಗೆ ಸ್ವಲ್ಪ ಮುಂಚೆ. 2025ರಲ್ಲಿ 14ರ ಬೆಳಿಗ್ಗೆ ಒಂಬತ್ತರ ಸುಮಾರಿಗೆ. 2026ರಲ್ಲಿ 14ರ ಮಧ್ಯಾಹ್ನ ಮೂರು ದಾಟಿದ ಮೇಲೆ. 2027ರಲ್ಲಿ 14ರ ರಾತ್ರಿ ಒಂಬತ್ತರ ಮೇಲಾಗುತ್ತದೆ. ವರ್ಷಕ್ಕೆ ಆರು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿ 29 ಬಂದು ಒಂದು ದಿನ ಹಿಂದಕ್ಕೆ ಎಳೆಯುತ್ತದೆ. ಆ ಕ್ಷಣ ಮಧ್ಯಾಹ್ನವೋ ಸಂಜೆಯೋ ರಾತ್ರಿಯೋ ಆದರೆ ಪುಣ್ಯಕಾಲ ಅಂದೇ ಅಥವಾ ಮರುದಿನವೇ ಎಂಬ ನಿಯಮ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಕೊಂಚ ಬೇರೆ. ಗೊಂದಲ ಅಷ್ಟೇ.

ದಸರಾ ಹೀಗಲ್ಲ, ಅದು ವಾರಗಟ್ಟಲೆ ಹಿಂದೆ ಮುಂದೆ ಹೋಗುತ್ತದೆ. ಕಾರಣ, ಅದು ಚಂದ್ರನ ಹಬ್ಬ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಹೊತ್ತು ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಹಾಗಾಗಿ ತಿಥಿ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೂ ಹಿಗ್ಗಿ ಕುಗ್ಗುತ್ತದೆ. 2025ರಲ್ಲಿ ಒಂದು ತಿಥಿ ಎರಡು ಸೂರ್ಯೋದಯಗಳನ್ನು ಹಿಡಿದದ್ದರಿಂದ ಮೈಸೂರು ದಸರಾ ಹತ್ತರ ಬದಲು ಹನ್ನೊಂದು ದಿನ ನಡೆಯಿತು. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಬಾಕಿ ಉಳಿದ ಈ ದಿನಗಳು ಒಂದು ತಿಂಗಳಷ್ಟಾದಾಗ ಅಧಿಕಮಾಸ ಸೇರಿಸುತ್ತಾರೆ. 2026ರಲ್ಲಿ ಮೇ 17ರಿಂದ ಅಧಿಕ ಜ್ಯೇಷ್ಠ ಬರುವುದರಿಂದಲೇ, ಹಿಂದಿನ ವರ್ಷ ಅಕ್ಟೋಬರ್ 2ಕ್ಕೆ ಬಂದ ವಿಜಯದಶಮಿ ಅಕ್ಟೋಬರ್ ಮೂರನೇ ವಾರಕ್ಕೆ ಹೋಗುತ್ತದೆ.

ಬುಗುರಿಯ ತಲೆ

ಇಪ್ಪತ್ತು ನಿಮಿಷದ ವ್ಯತ್ಯಾಸ ಬರುವುದೇಕೆ ಎಂಬುದಕ್ಕೆ ಬುಗುರಿಯನ್ನು ನೋಡಬೇಕು. ಚಾಟಿ ಎಳೆದು ಬಿಟ್ಟ ಬುಗುರಿ ಗಿರಗಿರನೆ ತಿರುಗುವಾಗ ಸ್ವಲ್ಪ ವಾಲಿದ್ದರೆ, ಅದರ ತಲೆ ನಿಧಾನವಾಗಿ ಇನ್ನೊಂದು ಸುತ್ತು ಹಾಕುತ್ತಿರುತ್ತದೆ. ತಿರುಗುವಿಕೆ ವೇಗವಾದದ್ದು, ತಲೆಯ ಸುತ್ತು ನಿಧಾನದ್ದು. ಭೂಮಿಯೂ ಹಾಗೆಯೇ. ದಿನಕ್ಕೊಂದು ಸುತ್ತು ತಿರುಗುತ್ತಲೇ ಅದರ ಅಚ್ಚು ಆಕಾಶದಲ್ಲಿ ಸುಮಾರು 26,000 ವರ್ಷಕ್ಕೆ ಒಂದು ದೊಡ್ಡ ಸುತ್ತು ಹಾಕುತ್ತದೆ. ಅಂದರೆ 72 ವರ್ಷಕ್ಕೆ ಒಂದು ಡಿಗ್ರಿ.

ಅಚ್ಚು ಹೀಗೆ ದಿಕ್ಕು ಬದಲಿಸುವುದರಿಂದ ಋತುಗಳು ತಿರುಗುವ ಬಿಂದುಗಳು ನಕ್ಷತ್ರಗಳ ನಡುವೆ ಹಿಂದಕ್ಕೆ ಜಾರುತ್ತಾ ಹೋಗುತ್ತವೆ. ನಕ್ಷತ್ರಕ್ಕೆ ಕಟ್ಟಿದ ರಾಶಿಯ ಗೆರೆ ಅಲ್ಲೇ ಉಳಿಯುತ್ತದೆ, ಸೂರ್ಯ ತಿರುಗುವ ಜಾಗ ಅದನ್ನು ಬಿಟ್ಟು ಸರಿಯುತ್ತದೆ. ಎರಡರ ನಡುವಿನ ಈ ಕೋನಕ್ಕೆ ಪಂಚಾಂಗದವರು ಅಯನಾಂಶ ಎನ್ನುತ್ತಾರೆ. ಈಗ ಅದು 24 ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯ ದಿನಕ್ಕೆ ಒಂದು ಡಿಗ್ರಿ ನಡೆಯುತ್ತಾನಾದ್ದರಿಂದ, 24 ಡಿಗ್ರಿ ಎಂದರೆ 24 ದಿನ.

ಚಿತ್ರಾ ನಕ್ಷತ್ರದ ಎರಡು ಡಿಗ್ರಿ

ಇಷ್ಟು ನಿಧಾನದ ಚಲನೆಯನ್ನು ಕಣ್ಣಿನಲ್ಲೇ ನೋಡಿ ಕಂಡುಹಿಡಿದರಲ್ಲ, ಹೇಗೆ? ಅದಕ್ಕೆ ಹಳೆಯ ದಾಖಲೆ ಬೇಕಿತ್ತು.

ದಾಖಲೆ ಇಡುವ ಕೆಲಸ ಬ್ಯಾಬಿಲೋನಿಯದಲ್ಲಿ ದೊಡ್ಡದಾಗಿ ನಡೆಯಿತು. ಗ್ರಹಣ ಬಂದರೆ ರಾಜನಿಗೆ ಕೇಡು ಎಂಬ ಭಯದಿಂದಲೇ ಅಲ್ಲಿನ ಪೂಜಾರಿಗಳು ಆಕಾಶ ಕಾಯುತ್ತಿದ್ದರು. ಕಂಡದ್ದನ್ನು ಮಣ್ಣಿನ ಹಲಗೆಗಳ ಮೇಲೆ ಗೀಚಿಡುತ್ತಿದ್ದರು. ತಲೆಮಾರುಗಟ್ಟಲೆ ಬರೆದಿಟ್ಟ ಮೇಲೆ ಗ್ರಹಣಗಳು 18 ವರ್ಷ 11 ದಿನಕ್ಕೊಮ್ಮೆ ಅದೇ ಕ್ರಮದಲ್ಲಿ ಮರಳಿ ಬರುತ್ತವೆ ಎಂಬುದು ಕಣ್ಣಿಗೆ ಬಿತ್ತು. ಮನುಷ್ಯನ ಯೋಚನೆಯಲ್ಲಿ ಇದು ದೊಡ್ಡ ಹೆಜ್ಜೆ ಎಂದು ನನಗನ್ನಿಸುತ್ತದೆ. ಯಾವುದನ್ನು ದೇವರ ಸಿಟ್ಟು ಎಂದುಕೊಂಡಿದ್ದರೋ ಅದು ಯಾವತ್ತು ಬರುತ್ತದೆ ಎಂದು ಮುಂಚಿತವಾಗಿ ಹೇಳಲು ಸಾಧ್ಯವಾಯಿತು. ಭಯ ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಭಯದ ಪಕ್ಕದಲ್ಲಿ ಲೆಕ್ಕ ಬಂದು ಕೂತಿತು.

ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಹಿಪ್ಪಾರ್ಕಸ್ ಎಂಬ ಗ್ರೀಕ್ ಖಗೋಳಜ್ಞ ನಕ್ಷತ್ರಗಳ ಜಾಗ ಅಳೆಯುತ್ತಿದ್ದ. ಅವನಿಗಿಂತ ಸುಮಾರು 150 ವರ್ಷ ಹಿಂದೆ ಟಿಮೋಕ್ಯಾರಿಸ್ ಎಂಬುವನು ಅಳೆದದ್ದು ಅವನ ಕೈಯಲ್ಲಿತ್ತು. ನಾವು ಚಿತ್ರಾ ಎಂದು ಕರೆಯುವ ನಕ್ಷತ್ರ, ಹಗಲು-ರಾತ್ರಿ ಸಮವಾಗುವ ಶರತ್ಕಾಲದ ಬಿಂದುವಿನಿಂದ ಹಿಂದಿನವನ ಕಾಲದಲ್ಲಿ 8 ಡಿಗ್ರಿ ದೂರವಿತ್ತು. ಹಿಪ್ಪಾರ್ಕಸ್‌ಗೆ ಸಿಕ್ಕಿದ್ದು 6. ಹಳಬನ ಅಳತೆ ತಪ್ಪಿರಬೇಕು ಎಂದು ಬಿಡಬಹುದಿತ್ತು. ಅವನು ಬಿಡಲಿಲ್ಲ. ಇಡೀ ನಕ್ಷತ್ರ ಮಂಡಲಕ್ಕೂ ಋತುಬಿಂದುಗಳಿಗೂ ನಡುವೆ ಸಂಬಂಧ ಸರಿಯುತ್ತಿದೆ, ನೂರು ವರ್ಷಕ್ಕೆ ಕಡಿಮೆಯೆಂದರೂ ಒಂದು ಡಿಗ್ರಿ ಎಂದು ತೀರ್ಮಾನಿಸಿದ. ನಿಜವಾದ ಲೆಕ್ಕ 72 ವರ್ಷಕ್ಕೆ ಒಂದು ಡಿಗ್ರಿ. ಬರಿಗಣ್ಣಿನ ಅಳತೆಗೆ ಇದು ಆಶ್ಚರ್ಯಪಡುವಷ್ಟು ಹತ್ತಿರ.

ಚಿತ್ರಾ ನಕ್ಷತ್ರವನ್ನು ನೀವೂ ಸುಲಭವಾಗಿ ಹುಡುಕಬಹುದು. ಏಪ್ರಿಲ್ ತಿಂಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಊರಿನ ದೀಪಗಳಿಂದ ಸ್ವಲ್ಪ ಆಚೆ ಹೋಗಿ. ಉತ್ತರದಲ್ಲಿ ಸಪ್ತರ್ಷಿ ಮಂಡಲದ ಬಾಲ ಬಾಗಿರುವ ಕಡೆಗೇ ಕಣ್ಣು ಮುಂದುವರಿಸಿದರೆ ಕೆಂಪು-ಹಳದಿ ಬಣ್ಣದ ಸ್ವಾತಿ ಸಿಗುತ್ತದೆ. ಅದೇ ಬಾಗಿನಲ್ಲಿ ಇನ್ನೂ ಮುಂದಕ್ಕೆ, ಆಗ್ನೇಯದ ಕಡೆಗೆ ಹೋದರೆ ತಿಳಿನೀಲಿ-ಬಿಳಿಯ ಒಂಟಿ ನಕ್ಷತ್ರ, ಅದೇ ಚಿತ್ರಾ. ಹಿಪ್ಪಾರ್ಕಸ್ ಕಾಲದಲ್ಲಿ ಶರತ್ಕಾಲದ ಬಿಂದುವಿಗೆ 6 ಡಿಗ್ರಿ ಹಿಂದಿದ್ದ ಅದು ಈಗ ಬಿಂದುವನ್ನು ದಾಟಿ 24 ಡಿಗ್ರಿ ಮುಂದಿದೆ. ನಮ್ಮ ಪಂಚಾಂಗದ ಲೆಕ್ಕವೂ ಇದೇ ನಕ್ಷತ್ರಕ್ಕೆ ಕಟ್ಟಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವರಾಹಮಿಹಿರ ಹೇಳಿದ ಪರೀಕ್ಷೆ

ಭಾರತದಲ್ಲಿ ಸಿಗುವ ಬಹಳ ಹಳೆಯ ಲೆಕ್ಕ ವೇದಾಂಗ ಜ್ಯೋತಿಷದ್ದು. ಅದರಲ್ಲಿ ಉತ್ತರಾಯಣ ಶುರುವಾಗುವುದು ಸೂರ್ಯ ಧನಿಷ್ಠಾ ನಕ್ಷತ್ರದ ಆರಂಭಕ್ಕೆ ಬಂದಾಗ. ಆಕಾಶ ಹಾಗಿದ್ದದ್ದು ಮೂರು ಸಾವಿರ ವರ್ಷಕ್ಕೂ ಹಿಂದೆ. ಆಗ ಸೂರ್ಯ ಮಕರದ ಗೆರೆ ದಾಟಿ ಮೂರು ವಾರದ ಮೇಲೆ ಉತ್ತರಕ್ಕೆ ತಿರುಗುತ್ತಿದ್ದ. ಈಗ ಗೆರೆ ಮುಟ್ಟುವುದಕ್ಕೆ ಮೂರು ವಾರ ಮೊದಲೇ ತಿರುಗುತ್ತಾನೆ. ನಡುವೆ ಎಲ್ಲೋ ಎರಡೂ ಒಂದಾಗಿದ್ದ ಕಾಲ ಇರಲೇಬೇಕು.

ಆ ಕಾಲದ ಹತ್ತಿರದಲ್ಲಿ ಬದುಕಿದವನು ವರಾಹಮಿಹಿರ, ಕ್ರಿಸ್ತಶಕ 6ನೇ ಶತಮಾನದವನು. ಬೃಹತ್ಸಂಹಿತೆಯ ಮೂರನೇ ಅಧ್ಯಾಯದಲ್ಲಿ ಅವನು ಈ ಸಂಗತಿಯನ್ನು ನೇರವಾಗಿಯೇ ಎತ್ತುತ್ತಾನೆ. ಹಿಂದಿನ ಶಾಸ್ತ್ರಗಳಲ್ಲಿ ಹೇಳಿರುವಂತೆ ಒಂದು ಕಾಲಕ್ಕೆ ದಕ್ಷಿಣಾಯನ ಆಶ್ಲೇಷಾದ ನಡುವಿನಿಂದಲೂ ಉತ್ತರಾಯಣ ಧನಿಷ್ಠೆಯಿಂದಲೂ ಶುರುವಾಗುತ್ತಿದ್ದಿರಬೇಕು. ಈಗ ಒಂದು ಕರ್ಕಾಟಕದ ಮೊದಲಿಂದ, ಇನ್ನೊಂದು ಮಕರದ ಮೊದಲಿಂದ. ಹೇಳಿದಂತೆ ಇಲ್ಲದಿದ್ದರೆ ಬದಲಾಗಿದೆ ಎಂದು ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕು ಎನ್ನುತ್ತಾನೆ. ಹೇಗೆ ಪರೀಕ್ಷಿಸಬೇಕು ಎಂದೂ ಹೇಳುತ್ತಾನೆ: ಸೂರ್ಯ ಹುಟ್ಟುವಾಗ, ಮುಳುಗುವಾಗ ದೂರದ ಗುರುತೊಂದನ್ನು ಇಟ್ಟುಕೊಂಡು ನೋಡಿ. ಇಲ್ಲವೇ ನೆಲದ ಮೇಲೆ ದೊಡ್ಡ ವೃತ್ತ ಬರೆದು ಕೋಲಿನ ನೆರಳು ಒಳಗೆ ಬರುವ, ಹೊರಗೆ ಹೋಗುವ ಜಾಗ ಗುರುತು ಮಾಡಿ.

ಈ ಸಾಲುಗಳನ್ನು ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಪೂರ್ವಶಾಸ್ತ್ರವನ್ನು ಅವನು ತಳ್ಳಿಹಾಕುವುದಿಲ್ಲ, ಆಗ ಹಾಗಿದ್ದಿರಬೇಕು ಎಂದು ಒಪ್ಪುತ್ತಾನೆ. ಆದರೆ ಇಂದಿನ ತೀರ್ಪನ್ನು ಕಣ್ಣಿಗೆ ಬಿಡುತ್ತಾನೆ.

ಮಕರ ಸಂಕ್ರಾಂತಿಗೂ ಉತ್ತರಾಯಣಕ್ಕೂ ಗಂಟು ಬಿದ್ದದ್ದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅವನ ಕಾಲದಲ್ಲಿ ಎರಡೂ ಹೆಚ್ಚೂಕಡಿಮೆ ಒಟ್ಟಿಗೆ ನಡೆಯುತ್ತಿದ್ದವು. ರಾಶಿಯ ಲೆಕ್ಕ, ಹಬ್ಬದ ಲೆಕ್ಕ ಆಗ ಗಟ್ಟಿಯಾದವು. ಆಮೇಲೆ ಆಕಾಶ ಸರಿಯಿತು, ಹೆಸರು ಹಬ್ಬದ ಜೊತೆಗೇ ಉಳಿಯಿತು. ಮಂಡ್ಯ, ಮೈಸೂರು ಕಡೆಯ ಹೊಯ್ಸಳ ಶಾಸನಗಳಲ್ಲಿ ದತ್ತಿ ಬಿಟ್ಟ ದಿನವನ್ನು ಉತ್ತರಾಯಣ ಸಂಕ್ರಮಣ ಎಂದೋ ಗ್ರಹಣದ ದಿನ ಎಂದೋ ಬರೆಯುವ ವಾಡಿಕೆ ಇತ್ತು. ಮೇಲುಕೋಟೆಯೊಂದಿಗೆ ಹೆಸರು ಬೆರೆತಿರುವ ವಿಷ್ಣುವರ್ಧನನ ಕಾಲಕ್ಕೆ, 12ನೇ ಶತಮಾನದ ಮೊದಲ ಭಾಗದಲ್ಲಿ, ಎರಡರ ಅಂತರ ಆಗಲೇ ಹನ್ನೊಂದು ದಿನ ದಾಟಿತ್ತು.

ವರಾಹಮಿಹಿರನಿಗಿಂತ ಸ್ವಲ್ಪ ಮುಂಚೆ, 499ರಲ್ಲಿ, ಇಪ್ಪತ್ಮೂರರ ಹರೆಯದ ಆರ್ಯಭಟ ಇನ್ನೂ ಧೈರ್ಯದ ಮಾತು ಹೇಳಿದ್ದ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮರಗಳು ಹಿಂದೆ ಓಡಿದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ಪಡುವಣಕ್ಕೆ ಓಡಿದಂತೆ ಕಾಣುತ್ತವೆ ಎಂದ. ಅಂದರೆ ತಿರುಗುತ್ತಿರುವುದು ಭೂಮಿ. ಗ್ರಹಣಕ್ಕೆ ಕಾರಣ ನೆರಳು ಎಂದು ಲೆಕ್ಕಸಹಿತ ತೋರಿಸಿದ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನ ಮೇಲೆ, ಸೂರ್ಯಗ್ರಹಣದಲ್ಲಿ ಚಂದ್ರ ಸೂರ್ಯನಿಗೆ ಅಡ್ಡ. ಇವತ್ತಿನ ಪಂಚಾಂಗದಲ್ಲಿ ಬರುವ ರಾಹು-ಕೇತು ಕೂಡ ಗಣಿತದ ಕಣ್ಣಿನಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು. ಭೂಮಿ ತಿರುಗುವ ಮಾತನ್ನು ಬ್ರಹ್ಮಗುಪ್ತನಂಥ ದೊಡ್ಡ ಗಣಿತಜ್ಞರೂ ಒಪ್ಪಲಿಲ್ಲ. ವಾದ ಶತಮಾನಗಳ ಕಾಲ ನಡೆಯಿತು.

ಕೇರಳದ ಪರಮೇಶ್ವರ ಐದು ದಶಕಕ್ಕೂ ಹೆಚ್ಚು ಕಾಲ ಗ್ರಹಣಗಳನ್ನು ನೋಡುತ್ತಾ ಬಂದವರು. ಹಳೆಯ ಸೂತ್ರ ಕೊಡುವ ಹೊತ್ತಿಗೂ ಗ್ರಹಣ ನಿಜವಾಗಿ ಹಿಡಿಯುವ ಹೊತ್ತಿಗೂ ಹೊಂದದಿರುವುದನ್ನು ಕಂಡು, 1431ರಲ್ಲಿ ಲೆಕ್ಕವನ್ನೇ ತಿದ್ದಿ ದೃಗ್ಗಣಿತ ಪದ್ಧತಿ ಕೊಟ್ಟರು. ಅದೇ ಪರಂಪರೆಯ ನೀಲಕಂಠ ಸೋಮಯಾಜಿ 1500ರ ಸುಮಾರಿಗೆ ಗ್ರಹಗಳ ಮಾದರಿಯನ್ನು ಇನ್ನೂ ಸರಿಪಡಿಸಿದರು.

ಹತ್ತು ದಿನ ಅಳಿಸಿದ ಅಕ್ಟೋಬರ್

ಯುರೋಪಿಗೂ ಇದೇ ಬಗೆಯ ತಲೆನೋವು ಬಂತು. ಜೂಲಿಯಸ್ ಸೀಸರ್ ಕಾಲದ ಕ್ಯಾಲೆಂಡರಿನಲ್ಲಿ ವರ್ಷ ಎಂದರೆ ನೇರ 365 ದಿನ 6 ಗಂಟೆ. ನಿಜವಾದ ಋತುವರ್ಷಕ್ಕಿಂತ ಹನ್ನೊಂದು ನಿಮಿಷ ಹೆಚ್ಚು. 16ನೇ ಶತಮಾನದ ಹೊತ್ತಿಗೆ ಈಸ್ಟರ್ ಹಬ್ಬದ ಲೆಕ್ಕ ಹತ್ತು ದಿನ ತಪ್ಪಿಹೋಗಿತ್ತು. ಪೋಪ್ ಹದಿಮೂರನೇ ಗ್ರೆಗರಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಘೋಷಿಸಿದ. ನಮ್ಮ ಗೋಡೆಯ ಮೇಲಿರುವುದು ಆ ತಿದ್ದಿದ ಕ್ಯಾಲೆಂಡರ್.

ಕ್ಯಾಲೆಂಡರ್ ತಿದ್ದುವುದು ಒಂದು, ಜಗತ್ತಿನ ನಕ್ಷೆ ತಿದ್ದುವುದು ಇನ್ನೊಂದು. ಟಾಲೆಮಿ 2ನೇ ಶತಮಾನದಲ್ಲಿ ಕೊಟ್ಟ ಮಾದರಿಯಲ್ಲಿ ಭೂಮಿ ನಡುವಿನಲ್ಲಿ ನಿಂತಿತ್ತು, ಉಳಿದದ್ದೆಲ್ಲ ವೃತ್ತಗಳ ಮೇಲೆ ವೃತ್ತಗಳಾಗಿ ಅದನ್ನು ಸುತ್ತುತ್ತಿತ್ತು. ಹದಿನಾಲ್ಕು ಶತಮಾನ ಅದು ಬಾಳಿತು, ಯಾಕೆಂದರೆ ಲೆಕ್ಕ ಸಾಕಷ್ಟು ಸರಿಯಾಗಿಯೇ ಬರುತ್ತಿತ್ತು. 1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವಿಗೆ ತಂದ. ಅವನ ಮಾದರಿಯಲ್ಲೂ ವೃತ್ತಗಳೇ ಇದ್ದವು, ನಿಖರತೆ ಏನೂ ಮಹಾ ಹೆಚ್ಚಲಿಲ್ಲ.

ಬೀಗ ಬಿಚ್ಚಿದ್ದು ಎಂಟು ಕಲೆ. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿಗೆ ಕಲೆ ಎನ್ನುತ್ತಾರೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 31 ಕಲೆ. ಡೆನ್ಮಾರ್ಕಿನ ಟೈಕೊ ಬ್ರಾಹೆ ದೂರದರ್ಶಕ ಬರುವ ಮೊದಲೇ ದೊಡ್ಡ ದೊಡ್ಡ ಕೋನಮಾಪಕ ಕಟ್ಟಿಸಿ, ಒಂದೆರಡು ಕಲೆಯಷ್ಟು ನಿಖರವಾಗಿ ಮಂಗಳ ಗ್ರಹದ ಜಾಗ ಬರೆದಿಟ್ಟಿದ್ದ. ಅವನು ತೀರಿಕೊಂಡ ಮೇಲೆ ಆ ದಾಖಲೆ ಕೆಪ್ಲರ್ ಕೈಗೆ ಬಂತು. ಕೆಪ್ಲರ್ ವರ್ಷಗಟ್ಟಲೆ ಲೆಕ್ಕ ಹಾಕಿ ಮಂಗಳನಿಗೊಂದು ವೃತ್ತದ ದಾರಿ ಹೊಂದಿಸಿದ. ಎಲ್ಲ ಹೊಂದಿತು, ಒಂದೆರಡು ಕಡೆ ಮಾತ್ರ ಎಂಟು ಕಲೆ ಬೇರೆ ಬಂತು, ಚಂದ್ರನ ಅಗಲದ ಕಾಲು ಭಾಗ. ಬೇರೆ ಯಾರ ಅಳತೆಯಾಗಿದ್ದರೂ ಅಷ್ಟು ತಪ್ಪು ಸಹಜ ಎನ್ನಬಹುದಿತ್ತು. ಟೈಕೊನ ಅಳತೆ ಅಷ್ಟು ತಪ್ಪುವುದಿಲ್ಲ ಎಂದು ಕೆಪ್ಲರ್‌ಗೆ ಗೊತ್ತಿತ್ತು. ತಾನು ಕಟ್ಟಿದ್ದನ್ನೆಲ್ಲ ಕೆಡವಿದ. ಎರಡು ಸಾವಿರ ವರ್ಷ ಯಾರೂ ಪ್ರಶ್ನಿಸದ ವೃತ್ತವನ್ನೇ ಕೈಬಿಟ್ಟ. 1609ರಲ್ಲಿ ಪ್ರಕಟಿಸಿದ: ಗ್ರಹಗಳ ದಾರಿ ದೀರ್ಘವೃತ್ತ, ಸೂರ್ಯನ ಹತ್ತಿರ ಬಂದಾಗ ವೇಗ ಹೆಚ್ಚು, ದೂರ ಹೋದಾಗ ಕಡಿಮೆ.

ಮರುವರ್ಷದ ಜನವರಿಯಲ್ಲಿ ಗೆಲಿಲಿಯೊ ದೂರದರ್ಶಕದಲ್ಲಿ ಗುರುವನ್ನು ಸುತ್ತುವ ನಾಲ್ಕು ಚಂದ್ರರನ್ನು ಕಂಡ. ಎಲ್ಲವೂ ಭೂಮಿಯನ್ನೇ ಸುತ್ತಬೇಕು ಎಂಬ ಮಾತಿಗೆ ಕಣ್ಣೆದುರಿನ ಅಪವಾದ ಅದು. ಈ ವಾದಕ್ಕಾಗಿ 1633ರಲ್ಲಿ ಅವನ ವಿಚಾರಣೆಯಾಗಿ, ಸಾಯುವವರೆಗೂ ಗೃಹಬಂಧನದಲ್ಲಿ ಇರಬೇಕಾಯಿತು. ವಿರೋಧಿಸಿದವರಿಗೆ ಇದ್ದ ಭಯ ಬರಿಯ ಹಟದ್ದಲ್ಲ ಎಂಬುದನ್ನೂ ನೆನೆಯಬೇಕು. ಅಲ್ಲಿಯವರೆಗೆ ಆಕಾಶ ಎಂದರೆ ಕೆಡದ, ಬದಲಾಗದ ಬೇರೆಯೇ ವಸ್ತುವಿನ ಲೋಕ. ಭೂಮಿ ಎಂದರೆ ಹುಟ್ಟಿ ಸಾಯುವ ಲೋಕ. ಮನುಷ್ಯನ ಸ್ಥಾನ, ಸ್ವರ್ಗದ ದಿಕ್ಕು ಎಲ್ಲವನ್ನೂ ಆ ನಕ್ಷೆಯ ಮೇಲೆಯೇ ಯೋಚಿಸುತ್ತಿದ್ದರು.

1687ರಲ್ಲಿ ನ್ಯೂಟನ್ ಆ ಗೋಡೆ ಪೂರ್ತಿ ತೆಗೆದ. ಮೇಲಿಂದ ಬೀಳುವ ಹಣ್ಣಿಗೂ ಭೂಮಿಯನ್ನು ಸುತ್ತುವ ಚಂದ್ರನಿಗೂ ಒಂದೇ ಸೆಳೆತ, ಒಂದೇ ನಿಯಮ. ಹಿಪ್ಪಾರ್ಕಸ್ ಕಂಡ ಎರಡು ಡಿಗ್ರಿಗೂ ಅದರಲ್ಲೇ ಉತ್ತರ ಸಿಕ್ಕಿತು. ಭೂಮಿ ಪೂರ್ತಿ ಗುಂಡಗಿಲ್ಲ, ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಆ ಉಬ್ಬನ್ನು ಸೂರ್ಯ, ಚಂದ್ರ ಓರೆಯಾಗಿ ಎಳೆಯುವುದರಿಂದಲೇ ಬುಗುರಿಯ ತಲೆ ಸುತ್ತುತ್ತಿದೆ.

ಉಳಿದ 43 ವಿಕಲೆ

ಇಷ್ಟಾದ ಮೇಲೆ ಎಲ್ಲ ಮುಗಿಯಿತು ಎನ್ನುವಂತಿತ್ತು. ಬುಧ ಗ್ರಹದ ದೀರ್ಘವೃತ್ತದ ತುದಿ ಮಾತ್ರ ನಿಧಾನವಾಗಿ ತಿರುಗುತ್ತಿತ್ತು. ಭೂಮಿಯಿಂದ ನೋಡಿದರೆ ನೂರು ವರ್ಷಕ್ಕೆ ಸುಮಾರು 5600 ವಿಕಲೆ (ಕಲೆಯ ಅರವತ್ತನೇ ಒಂದು ಪಾಲು ವಿಕಲೆ). ಅದರಲ್ಲಿ ಸುಮಾರು 5025 ನಮ್ಮ ಭೂಮಿಯ ಅಚ್ಚು ಸರಿಯುವುದರಿಂದ ಬಂದದ್ದು. ಸಂಕ್ರಾಂತಿಯನ್ನು ಮುಂದೆ ತಳ್ಳುವ ಅದೇ ಚಲನೆ. ಇನ್ನೊಂದು ಐನೂರ ಚಿಲ್ಲರೆ ಬೇರೆ ಗ್ರಹಗಳ ಸೆಳೆತದಿಂದ. ಎಲ್ಲ ಕಳೆದರೂ 43 ವಿಕಲೆ ಲೆಕ್ಕಕ್ಕೆ ಸಿಗದೆ ಉಳಿಯಿತು. 1859ರಲ್ಲಿ ಫ್ರೆಂಚ್ ಖಗೋಳಜ್ಞ ಲ ವೆರ‍್ಯೇ ಈ ಬಾಕಿಯನ್ನು ಎತ್ತಿ ತೋರಿಸಿದ. 1915ರಲ್ಲಿ ಐನ್‌ಸ್ಟೈನ್ ಸೆಳೆತ ಎಂದರೇನು ಎಂಬ ತಿಳಿವಳಿಕೆಯನ್ನೇ ಬದಲಿಸಿದಾಗ ಆ 43 ತಾನಾಗಿ ಹೊಂದಿಕೊಂಡಿತು. ಅದೇ ಸಿದ್ಧಾಂತ ಇಂದು ನಿಮ್ಮ ಫೋನಿನ ಮ್ಯಾಪಿನಲ್ಲಿದೆ. ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ತಿದ್ದದಿದ್ದರೆ ಒಂದೇ ದಿನದಲ್ಲಿ ಮ್ಯಾಪ್ ಹತ್ತು ಕಿಲೋಮೀಟರಿನಷ್ಟು ತಪ್ಪು ತೋರಿಸುತ್ತದೆ.

ನಮ್ಮ ಪಂಚಾಂಗ ಈಗ ಏನು ಮಾಡುತ್ತದೆ

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಹತ್ತಾರು ಬಗೆಯ ಪಂಚಾಂಗಗಳಿದ್ದವು. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಚಿತ್ರಾ ನಕ್ಷತ್ರವನ್ನು ಆಧಾರವಾಗಿಟ್ಟು, ಅದು ಶರತ್ಕಾಲದ ಬಿಂದುವಿನ ಮೇಲಿದ್ದ ಕ್ರಿಸ್ತಶಕ 285ರ ಸುಮಾರನ್ನು ಅಯನಾಂಶದ ಸೊನ್ನೆ ವರ್ಷ ಎಂದು ಹಿಡಿದರು. 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ ಎಂದು ನಿಗದಿಯಾಯಿತು. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದ ತಿಂಗಳುಗಳು ಋತುವಿಗೆ ಕಟ್ಟಿದವು, ಹಾಗಾಗಿ ಅವು ಜಾರುವುದಿಲ್ಲ. ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವೂ ಸೇರಿ ಮನೆಮನೆಯಲ್ಲಿ ಬಳಸುವ ಪಂಚಾಂಗಗಳಲ್ಲಿ ಹಬ್ಬದ ಲೆಕ್ಕ ನಕ್ಷತ್ರಕ್ಕೇ ಕಟ್ಟಿದೆ.

ನಕ್ಷತ್ರಕ್ಕೆ ಕಟ್ಟಿದ ಲೆಕ್ಕ ನಮ್ಮ ಕ್ಯಾಲೆಂಡರಿನಲ್ಲಿ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತದೆ. ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ, 1863ರ ಜನವರಿ 12ರಂದು. 1892ರಲ್ಲಿ ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಕಾಲದಲ್ಲೂ ಹಬ್ಬ ಜನವರಿ 12–13ರ ಆಸುಪಾಸಿನಲ್ಲೇ ಬರುತ್ತಿತ್ತು. ನಮಗೆ 14–15. ಈಗ ಹುಟ್ಟುವ ಮಕ್ಕಳ ಮುಪ್ಪಿನ ಹೊತ್ತಿಗೆ 15–16.

ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಪ್ರಕಾರ ಈ ಸರಿಯುವಿಕೆ 27 ಡಿಗ್ರಿಯವರೆಗೆ ಹೋಗಿ ಮತ್ತೆ ಹಿಂದಕ್ಕೆ ತೂಗಬೇಕು. ಹಾಗಾದರೆ ಇನ್ನೆರಡು ಮೂರು ಶತಮಾನದಲ್ಲಿ ಸಂಕ್ರಾಂತಿ ಮುಂದೆ ಹೋಗುವುದು ನಿಂತು ಡಿಸೆಂಬರ್ ಕಡೆಗೆ ಹೊರಳಬೇಕಾಗುತ್ತದೆ. ನ್ಯೂಟನ್ ತೋರಿಸಿದ ಕಾರಣ ಗೊತ್ತಾದ ಮೇಲೆ ಹಾಗಾಗುವುದಿಲ್ಲ ಎಂದು ತಿಳಿದಿದೆ. ಅಚ್ಚು ತೂಗುವುದಿಲ್ಲ, ಪೂರ್ತಿ ಸುತ್ತುತ್ತದೆ. ಇದೇ ಲೆಕ್ಕ ಮುಂದುವರಿದರೆ ಸಂಕ್ರಾಂತಿ ಫೆಬ್ರವರಿಗೆ, ಆಮೇಲೆ ಮಾರ್ಚಿಗೆ ಹೋಗುತ್ತದೆ. ಸುಗ್ಗಿಯ ಹಬ್ಬ ಸುಗ್ಗಿಯ ಹೊತ್ತಿಗೇ ಉಳಿಯಬೇಕಾದರೆ ಮುಂದಿನ ತಲೆಮಾರಿನವರು ಯಾವ ಗುರುತು ಹಿಡಿಯಬೇಕು ಎಂದು ಯೋಚಿಸಬೇಕಾಗುತ್ತದೆ.

ಕೋಲು ನೆಟ್ಟು ನೋಡಿ

ವರಾಹಮಿಹಿರ ಹೇಳಿದ ಪರೀಕ್ಷೆಯನ್ನು ಇವತ್ತಿಗೂ ಅಂಗಳದಲ್ಲೇ ಮಾಡಬಹುದು, ಮಕ್ಕಳನ್ನು ಕರೆದುಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ನೆಲ ಮಟ್ಟವಾಗಿರುವ ಕಡೆ ಒಂದು ಮೀಟರ್ ಉದ್ದದ ಕೋಲನ್ನು ನೇರ ನಿಲ್ಲಿಸಿ. ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ನೆಟ್ಟಗಿದೆಯೇ ಎಂದು ಗೊತ್ತಾಗುತ್ತದೆ. ನಮ್ಮ ಕಡೆ ಚಳಿಗಾಲದಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು 12 ಗಂಟೆಗಲ್ಲ, 12:10ರಿಂದ 12:40ರ ನಡುವೆ. ಆ ಹೊತ್ತಿನಲ್ಲಿ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತು ಮಾಡಿ, ಅತಿ ಚಿಕ್ಕ ನೆರಳನ್ನು ಅಳೆಯಿರಿ.

ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ಕ್ಕೆ ಇಲ್ಲಿ ಮೀಟರ್ ಕೋಲಿನ ನಡುಹಗಲ ನೆರಳು ಸುಮಾರು 72 ಸೆಂಟಿಮೀಟರ್. ಇಡೀ ವರ್ಷದ ಅತಿ ಉದ್ದದ ನಡುಹಗಲ ನೆರಳು ಅದೇ. ಸಂಕ್ರಾಂತಿಯ ದಿನ ಅಳೆದರೆ ಸುಮಾರು 66 ಬರುತ್ತದೆ. ಸೂರ್ಯ ಆಗಲೇ ತಿರುಗಿ ಮೂರು ವಾರ ದಾಟಿರುವುದಕ್ಕೆ ಆ ಆರು ಸೆಂಟಿಮೀಟರೇ ಸಾಕ್ಷಿ. ಏಪ್ರಿಲ್ 22–23ರ ಸುಮಾರಿಗೆ ನೆರಳು ಕೋಲಿನ ಬುಡದೊಳಗೇ ಇಂಗಿಹೋಗುತ್ತದೆ. ಆಮೇಲೆ ಆಗಸ್ಟ್ 20ರ ಸುಮಾರಿನವರೆಗೆ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ; ಜೂನ್ 21ಕ್ಕೆ ಇಪ್ಪತ್ತು ಸೆಂಟಿಮೀಟರಿನಷ್ಟು.

ಸೂರ್ಯನ ಬಿಂಬ ಅರ್ಧ ಡಿಗ್ರಿ ಅಗಲವಿರುವುದರಿಂದ ನೆರಳಿನ ತುದಿ ಸ್ವಲ್ಪ ಮಸುಕಾಗಿರುತ್ತದೆ. ಅಳೆಯುವಾಗ ಪ್ರತಿದಿನವೂ ಮಸುಕಿನ ಒಂದೇ ಜಾಗವನ್ನು ಹಿಡಿಯಿರಿ. ಮಕ್ಕಳ ಕಣ್ಣು ಕೋಲಿನ ನೆರಳಿನ ಮೇಲಿರಲಿ, ನೇರವಾಗಿ ಸೂರ್ಯನನ್ನು ನೋಡಲು ಬಿಡಬೇಡಿ. ಡಿಸೆಂಬರ್ ಮೊದಲ ವಾರ ಶುರುಮಾಡಿ ಜನವರಿ ಕೊನೆಯವರೆಗೆ, ಮೋಡ ಇಲ್ಲದ ದಿನಗಳಲ್ಲಿ ಬರೆದಿಟ್ಟರೆ, ನೆರಳು ಬೆಳೆಯುವುದು ನಿಂತು ಕುಗ್ಗಲು ಶುರುವಾಗುವ ದಿನ ನಿಮ್ಮದೇ ನೋಟ್‌ಬುಕ್‌ನಲ್ಲಿ ಸಿಗುತ್ತದೆ.